ಮೇಲಿನ ಸಾಲಿನ ಜಾಗ

ಅಥವಾ ಆ ಮಾತನ್ನು ಆಡಿದ್ದು ಕ್ಲರ್ಕ್ ಅಲ್ಲವೇನೋ. ಅಧ್ಯಕ್ಷೆ ಆಡಿರಬಹುದು. ನನ್ನ ನೆನಪಿನಲ್ಲಿ ಕ್ಲರ್ಕ್ ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ, "ಹರಿಯುವ ನೀರಿನ ಹತ್ತಿರ ಕೊಟ್ಟರೆ ಅವರಿಗೆ ಸಮಾಧಾನವಾಗುತ್ತದೆ" ಎನ್ನುತ್ತಾರೆ. ಆದರೆ ಕನ್ನಡಕ ಹಾಕುವುದು ಅಧ್ಯಕ್ಷೆ, ಕ್ಲರ್ಕ್ ಅಲ್ಲ. ಒಬ್ಬರ ಕನ್ನಡಕವನ್ನು ಇನ್ನೊಬ್ಬರ ತಲೆಯ ಮೇಲಿಟ್ಟು ಇಷ್ಟು ದಿನ ಸುಮ್ಮನಿದ್ದ ನೆನಪು ಇದು. ಇದರ ಮೇಲೆ ಉಳಿದದ್ದನ್ನು ನಿಲ್ಲಿಸಬೇಕಾಗಿದೆ. ಓದುವವರು ಅಲ್ಲಲ್ಲಿ ಗೋಡೆ ತಟ್ಟಿ ನೋಡಿಕೊಳ್ಳಲಿ.

ಮಾತು ಬಂದದ್ದು ನಮ್ಮ ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ನಲ್ಲಿ, ಕಾಕಾ ಅವರ ಜಾಗದ ಬಗ್ಗೆ. ಪ್ಯಾರಿಷ್ ಕೌನ್ಸಿಲ್ ಎಂದರೆ ಇಂಗ್ಲೆಂಡಿನ ಗ್ರಾಮ ಪಂಚಾಯಿತಿ. ಶಾಲೆ, ಆಸ್ಪತ್ರೆ, ದೊಡ್ಡ ರಸ್ತೆ ಯಾವುದೂ ನಮ್ಮ ಕೈಯಲ್ಲಿಲ್ಲ. ನಾಯಿಗಳ ಹೊಲಸು ಹಾಕುವ ತೊಟ್ಟಿ, ಬಸ್ ತಂಗುದಾಣದ ಒಡೆದ ಗಾಜು, ಕಾಲುದಾರಿಗೆ ಬಾಗಿದ ಮುಳ್ಳುಬೇಲಿ, ಮಕ್ಕಳ ಜೋಕಾಲಿ, ಆಮೇಲೆ ಸ್ಮಶಾನ, ಇಷ್ಟು ನಮ್ಮ ರಾಜ್ಯ. ಸ್ಮಶಾನ ಚರ್ಚಿನದಲ್ಲ. ಚರ್ಚಿನ ಅಂಗಳ ತುಂಬಿದ ಮೇಲೆ, ತೊರೆಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ ಹಿಂದಿನವರು ಮಾಡಿಟ್ಟದ್ದು. ಯಾರನ್ನು ಎಲ್ಲಿ ಹೂಳುವುದು ಎಂಬುದನ್ನು ಕೌನ್ಸಿಲ್ ತೀರ್ಮಾನಿಸುತ್ತದೆ.

ನಾನು ಅದರ ಸದಸ್ಯೆಯಾದದ್ದು ಗೆದ್ದಲ್ಲ. ಒಂದು ಕುರ್ಚಿ ಖಾಲಿ ಬಿದ್ದಿತ್ತು, ಯಾರೂ ಮುಂದೆ ಬರಲಿಲ್ಲ. ಅಧ್ಯಕ್ಷೆ ನನ್ನನ್ನು ಅಂಗಡಿಯಲ್ಲಿ ಹಾಲಿನ ಫ್ರಿಜ್ಜಿನ ಮುಂದೆ ನಿಲ್ಲಿಸಿ, "ನಿಮ್ಮಂಥವರು ಬಂದರೆ ಚೆನ್ನ" ಎಂದರು. ನಿಮ್ಮಂಥವರು ಎಂದರೆ ಯಾರು? ಲಫ್‌ಬರೋ ಪಟ್ಟಣಕ್ಕೆ ಕೆಲಸಕ್ಕೆ ಹೋಗುವವರೇ, ಐವತ್ತು ದಾಟದವರೇ, ಕಂದು ಬಣ್ಣದವರೇ? ನಾನು ಕೇಳಲಿಲ್ಲ. ಕೇಳದೆ ಬಿಟ್ಟದ್ದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಚೂರಿನ ಹಾಗೆ ಇವತ್ತಿಗೂ ನಾಲಿಗೆಗೆ ತಗಲುತ್ತದೆ.

ಕಾಕಾ ನನ್ನ ಸ್ವಂತ ಚಿಕ್ಕಪ್ಪ ಅಲ್ಲ. ಅವರು ಬಾಗಲಕೋಟೆ ಕಡೆಯವರು, ನಾನು ಮೈಸೂರಿನವಳು. ಈ ಹಳ್ಳಿಯಲ್ಲಿ ಕನ್ನಡ ಮಾತಾಡುವ ಮನೆಗಳು ನಮ್ಮವೆರಡೇ. ಅವರು ಇಲ್ಲಿನ ಜಿಪಿಯಾಗಿ, ಅಂದರೆ ಹಳ್ಳಿಯ ಡಾಕ್ಟರಾಗಿ, ದುಡಿದು ನಿವೃತ್ತರಾದವರು. ಕೌನ್ಸಿಲ್‌ನಲ್ಲಿ ಕೂರುವವರಲ್ಲಿ ಹೆಚ್ಚಿನವರ ರಕ್ತದೊತ್ತಡ ಅವರಿಗೆ ಬಾಯಿಪಾಠ. ಹೆಂಡತಿಯನ್ನು ಕಳೆದುಕೊಂಡು ತುಂಬ ವರ್ಷವಾಗಿತ್ತು, ಅದು ಬಾಗಲಕೋಟೆಯ ಊರಿಗೆ ಹೋಗಿದ್ದಾಗ ನಡೆದದ್ದು, ಅಲ್ಲೇ ಮಣ್ಣಾಗಿತ್ತು. ಒಬ್ಬಳೇ ಮಗಳು, ಮ್ಯಾಂಚೆಸ್ಟರ್‌ನಲ್ಲಿ ಆಸ್ಪತ್ರೆಯ ಡಾಕ್ಟರು. ಕಾಕಾ ಅವರ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುತ್ತಿತ್ತು, ಅದರೊಳಗೆ ಇಷ್ಟಲಿಂಗ. ಪೇಷಂಟುಗಳು ಅದನ್ನು ಮಾತ್ರೆಯ ಡಬ್ಬಿ ಎಂದುಕೊಂಡಿದ್ದರಂತೆ.

"ನಾನೂ ಹೌದ್ ಅಂತಿದ್ದೆ," ಎಂದು ನಗುತ್ತಿದ್ದರು. "ದಿನಾ ಮುಂಜಾನೆ, ಉಪಾಸ ಹೊಟ್ಟಿಲೆ."

ಅವರ ಹೃದಯ ಸೋಲುತ್ತಿತ್ತು. ಒಂದು ಮಧ್ಯಾಹ್ನ ತಮ್ಮ ಸ್ಕ್ಯಾನಿನ ವರದಿಯನ್ನು ಬೇರೆ ಯಾರದೋ ಎಂಬಂತೆ ಓದಿ, "ಈ ಮನಷ್ಯಾ ಮುಂದಿನ ದೀಪಾವಳಿ ನೋಡಂಗಿಲ್ಲ ಬಿಡ ತಂಗಿ" ಎಂದು ಚಹಾದ ಕಪ್ಪನ್ನು ನನ್ನ ಕಡೆ ತಳ್ಳಿದರು. ಅವರಿಗೆ ಬೇಕಾದದ್ದು ಒಂದೇ. ತಾವು ಬಾಳಿದ ಈ ಹಳ್ಳಿಯ ಮಣ್ಣಿನಲ್ಲೇ ಹೋಗಬೇಕು, ಅದೂ ತಮ್ಮ ಮನೆತನದವರು ಹೋದ ಹಾಗೆ, ಕೂತು. ಲಿಂಗಾಯತರು ಸುಡುವುದಿಲ್ಲ. ಚೌಕನೆಯ ಗುಂಡಿ ತೋಡಿ, ಅದರ ಒಂದು ಬದಿಗೆ ಗೂಡು ಕೊರೆದು, ಅದರಲ್ಲಿ ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ಅಂಗೈಯಲ್ಲಿ ಲಿಂಗ ಇಡುತ್ತಾರೆ. ವಿಭೂತಿ, ಪತ್ರೆ ಹಾಕಿ ಮುಚ್ಚುತ್ತಾರೆ.

ಇದನ್ನು ಅವರು ಕೌನ್ಸಿಲ್‌ನ ಕ್ಲರ್ಕ್‌ಗೆ ವಿವರಿಸಿರಲಿಲ್ಲ. ಅಂಚೆ ಕೌಂಟರಿನ ಸಾಲಿನಲ್ಲಿ ಸಿಕ್ಕಾಗ, "ನನಗೂ ಒಂದು ಜಾಗ ನೋಡಿಡಿ" ಎಂದಷ್ಟೇ ಅಂದಿದ್ದರು. ಆಕೆ ಕಣ್ಣು ಒರೆಸಿಕೊಂಡು, "ಅದನ್ನು ನನಗೆ ಬಿಡಿ, ಡಾಕ್ಟರ್" ಎಂದರಂತೆ. ಆಕೆಗೆ ಬಿಟ್ಟದ್ದರಿಂದಲೇ ಎಲ್ಲ ಶುರುವಾಯಿತು. ಹಿಂದೂಗಳು ಸುಡುತ್ತಾರೆ, ಬೂದಿಯನ್ನು ನದಿಗೆ ಬಿಡುತ್ತಾರೆ ಎಂದು ಆಕೆಗೆ ಗೊತ್ತಿತ್ತು. ಲೆಸ್ಟರ್ ಕಡೆ ನದಿಯ ದಂಡೆಯಲ್ಲಿ ಬಿಳಿ ಬಟ್ಟೆಯವರನ್ನು ನೋಡಿದ್ದರು. ಹಾಗಾಗಿ ಬೇರೆ ಯಾರೂ ಕೇಳದ, ಸ್ಮಶಾನದ ಕೆಳತುದಿಯಲ್ಲಿ, ತೊರೆಯ ಸದ್ದು ಕೇಳುವಲ್ಲಿ, ಬೂದಿಯ ಪೆಟ್ಟಿಗೆ ಹೂಳುವ ಪುಟ್ಟ ಜಾಗವನ್ನು ಆರಿಸಿದರು. ಪ್ರೀತಿಯಿಂದ ಆರಿಸಿದರು ಎಂದೇ ಎಲ್ಲರೂ ಹೇಳುತ್ತಾರೆ. ಇರಬಹುದು.

ಸಭೆ ಹಳ್ಳಿಯ ಹಾಲ್‌ನಲ್ಲಿ. ಕಾಕಾ ಸಾರ್ವಜನಿಕರಿಗೆ ಇಟ್ಟ ಕುರ್ಚಿಗಳಲ್ಲಿ ಕೋಟು ಬಿಚ್ಚದೆ ಕೂತಿದ್ದರು, ನಾನೇ ಕಾರಿನಲ್ಲಿ ಕರೆತಂದಿದ್ದೆ. ಮೊದಲು ನಾಯಿ ತೊಟ್ಟಿಯ ವಿಷಯ ಬಂತು. ಅದನ್ನು ಯಾರ ಮನೆಯ ಗೇಟಿನ ಎದುರು ಇಡಬಾರದು ಎಂಬುದರ ಬಗ್ಗೆ ಇಲ್ಲಿನವರು ತೋರಿಸುವ ಆವೇಶವನ್ನು ನಾನು ಬೇರೆ ಯಾವ ವಿಷಯಕ್ಕೂ ಕಂಡಿಲ್ಲ. ಆಮೇಲೆ ಬಸ್ ತಂಗುದಾಣ. ಆಮೇಲೆ ಡಾಕ್ಟರರ ಜಾಗ. ಹರಿಯುವ ನೀರಿನ ಮಾತನ್ನು ಕ್ಲರ್ಕ್ ಹೇಳಿದರು, ಇಲ್ಲವೆ ಅಧ್ಯಕ್ಷೆ. ಎಲ್ಲರೂ ಮೆಚ್ಚಿಗೆಯಿಂದ ತಲೆಯಾಡಿಸಿದರು. ಕಾಕಾ ಕೈ ಎತ್ತಿದರು.

"ನಾನು ಹೋಗಿ ನೋಡಿ ಬಂದೆ," ಎಂದರು ಇಂಗ್ಲಿಷಿನಲ್ಲಿ. "ಅಲ್ಲಿ ನನ್ನ ಟೊಪ್ಪಿಗೆ ಮಾತ್ರ ಹಿಡಿಯುತ್ತದೆ."

ನಗು ಎದ್ದಿತು. ನಮ್ಮ ಕಡೆ ಸುಡುವುದಿಲ್ಲ, ಹೂಳುತ್ತೇವೆ, ಕೂರಿಸಿ ಹೂಳುತ್ತೇವೆ ಎಂದು ಅವರು ಹೇಳುತ್ತ ಹೋದ ಹಾಗೆ ನಗು ಒಂದೊಂದೇ ಬಾಯಿಂದ ಇಳಿಯಿತು.

"ಕೂರಿಸಿ?" ಎಂದ ರೈತ. ಅವನೂ ಕೌನ್ಸಿಲ್ ಸದಸ್ಯ, ತೊರೆಯ ಆಚೆಗಿನ ಹೊಲ ಅವನದು. ಬರೆಯುವಾಗಲೂ ನಾನು ಅವನಿಗೆ ಬಹುವಚನ ಕೊಟ್ಟಿಲ್ಲ. ನನ್ನ ಅನುಮಾನ ಎಲ್ಲಿ ಮೊದಲು ಕೂತಿತ್ತು ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.

"ಇಷ್ಟು ವರ್ಷ ನಿಮ್ಮನ್ನೆಲ್ಲ ಕೂತೇ ನೋಡಿಕೊಂಡೆನಲ್ಲ," ಎಂದರು ಕಾಕಾ. "ಈಗ ಮಲಗಿ ಎಂದರೆ ಹೇಗೆ?"

"ದೇಹ... ಅಂದರೆ, ಬಗ್ಗುತ್ತದೆಯೇ?" ಅಧ್ಯಕ್ಷೆ ತಮ್ಮ ಪೆನ್ನನ್ನು ನೋಡುತ್ತ ಕೇಳಿದರು.

"ಸೆಟೆದುಕೊಳ್ಳುತ್ತದೆ, ಆಮೇಲೆ ಸಡಿಲವಾಗುತ್ತದೆ. ಅದನ್ನು ನನಗೆ ಬಿಡಿ, ಮೇಡಂ. ಅಂದರೆ, ನನ್ನ ಮಗಳಿಗೆ ಬಿಡಿ."

ರೈತ ಮತ್ತೆ ಬಾಯಿ ತೆರೆದ. ಕೂರಿಸಬೇಕಾದರೆ ಗುಂಡಿ ಆಳವಾಗಬೇಕು, ಕೆಳತುದಿಯಲ್ಲಿ ಆಳಕ್ಕೆ ಹೋದರೆ ನೀರು ಬರುತ್ತದೆ, ಅಜ್ಜನ ಕಾಲದಿಂದ ತನಗೆ ಗೊತ್ತು ಎಂದ. ಹಾಗಾದರೆ ಮೇಲಿನ ಸಾಲಿನಲ್ಲಿ ಕೊಡಿ ಎಂದೆ ನಾನು. ಮೇಲಿನ ಸಾಲು ಬಸ್ ರಸ್ತೆಯ ಹತ್ತಿರ, ಒಣಗಿದ ನೆಲ. ಅಧ್ಯಕ್ಷೆ, "ಮೇಲಿನ ಸಾಲು ತುಂಬಿದೆ, ಡಕ್" ಎಂದರು. ಡಕ್ ಎಂದರೆ ಬಾತುಕೋಳಿ. ಈ ಕಡೆ ಹಾಲಿನವನಿಂದ ಹಿಡಿದು ಮಕ್ಕಳವರೆಗೆ ಯಾರನ್ನು ಬೇಕಾದರೂ ಪ್ರೀತಿಯಿಂದ ಹಾಗೆ ಕರೆಯುತ್ತಾರೆ, ಪ್ರೀತಿ ಇಲ್ಲದಾಗಲೂ ಹಾಗೇ ಕರೆಯುತ್ತಾರೆ. ಆ ಮಾತು, ಮೇಲಿನ ಸಾಲು ತುಂಬಿದೆ ಎಂಬುದು, ಖಂಡಿತವಾಗಿ ಆಡಿದ್ದು, ಖಂಡಿತವಾಗಿ ಅಧ್ಯಕ್ಷೆಯೇ ಆಡಿದ್ದು. ಇದೊಂದಕ್ಕೆ ನಾನು ಪ್ರಮಾಣ ಮಾಡಬಲ್ಲೆ. ಪ್ರಮಾಣ ಮಾಡಬಲ್ಲೆ ಎನ್ನುವಾಗಲೇ ನನಗೆ ನನ್ನ ಮೇಲೆ ಹೆಚ್ಚು ಸಂಶಯ ಬರುತ್ತದೆ.

ಕೆಳತುದಿಯಲ್ಲೇ ಪರೀಕ್ಷೆಗೆ ಒಂದು ಗುಂಡಿ ತೋಡಿಸಿ ನೋಡುವುದು, ಮುಂದಿನ ಸಭೆಯಲ್ಲಿ ಮಾತಾಡುವುದು ಎಂದಾಯಿತು. ಹೊರಗೆ ಬಂದು ಕಾರಿನ ಬಾಗಿಲು ತೆಗೆದಾಗ ಕಾಕಾ ಒಂದು ಕೈಯಿಂದ ಬಾಗಿಲನ್ನು ಹಿಡಿದು ನಿಂತು ಉಸಿರು ತಂದುಕೊಂಡರು.

"ಇವರು ಇಲ್ಲ ಅನ್ನಂಗಿಲ್ಲ ತಂಗಿ. ಮುಂದಿನ ತಿಂಗಳು ಅಂತಾರ. ನನ್ನಂಥಾ ಪೇಷಂಟಿಗೆ ಮುಂದಿನ ತಿಂಗಳು ಅಂದ್ರ ಇಲ್ಲ ಅಂದಂಗ."

"ಅವರಿಗೆ ಇಷ್ಟ ಇಲ್ಲ ಕಾಕಾ. ಅದಕ್ಕೇ ಎಳೀತಿದ್ದಾರೆ."

"ನಿಮ್ಮ ಮೈಸೂರು ಮಂದಿಗೆ ಎಲ್ಲಾದ್ರಾಗೂ ರಾಜಕೀಯ ಕಾಣ್ತೈತಿ ನೋಡು. ಅರಮನಿ ಪಕ್ಕ ಹುಟ್ಟಿದವ್ರು."

ಸಂಶಯಕ್ಕೆ ಒಂದು ಗುಣವಿದೆ: ಅದು ಒಂದೇ ಕಡೆ ನಿಲ್ಲುವುದಿಲ್ಲ. ಆ ವಾರದ ಕೊನೆಗೆ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್‌ನ ದೇವಸ್ಥಾನಕ್ಕೆ ಹೋಗಿದ್ದೆವು, ಕಾಕಾ ಕೂಡ ಬಂದಿದ್ದರು, ಪೂಜೆಗಲ್ಲ, ಪುಳಿಯೋಗರೆಗೆ. ಊಟದ ಸಾಲಿನಲ್ಲಿ ನಿಂತಾಗ ನಾನು ವಿಷಯ ತೆಗೆದೆ. ನಮ್ಮ ಪಕ್ಕ ನಿಂತಿದ್ದ ಬೆಂಗಳೂರಿನ ಡಾಕ್ಟರೊಬ್ಬರ ಹೆಂಡತಿ ತಟ್ಟೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿಬಿಟ್ಟರು.

"ಹೂಳೋದಾ? ಅಂಕಲ್, ನಾವು ಸುಡ್ತೀವಲ್ವಾ? ಹೂಳೋದು ಅವರು."

"ನೀವು ಸುಡ್ರಿ ಯವ್ವಾ. ನಾವೇನ್ ಬ್ಯಾಡ ಅಂದೇವಾ? ಕಡ್ಡಿಪೆಟಗಿ ನಾನೇ ಕೊಡ್ತೀನಿ."

ಆಕೆ ನಕ್ಕರು. ಆಮೇಲೆ ನನ್ನ ಕಿವಿಯಲ್ಲಿ, "ಇಲ್ಲಿನವರ ಎದುರು ಇದೆಲ್ಲ ಯಾಕೆ ಎಬ್ಬಿಸೋದು? ಸುಮ್ನೆ ಕ್ರಿಮೆಟೋರಿಯಂ ಬುಕ್ ಮಾಡಿದ್ರೆ ಆಯ್ತಪ್ಪ" ಎಂದರು. ಕ್ಲರ್ಕ್ ಮಾಡಿದ ತಪ್ಪನ್ನೇ ನಮ್ಮವರೂ ಮಾಡಿದರು. ಕ್ಲರ್ಕ್ ಅದರ ಜೊತೆಗೆ ತೊರೆಯ ಸದ್ದನ್ನಾದರೂ ಕೊಟ್ಟಿದ್ದರು.

ಇನ್ನು ಮಗಳು. ಭಾನುವಾರ ಮ್ಯಾಂಚೆಸ್ಟರ್‌ನಿಂದ ಬಂದವಳು ಅಪ್ಪನ ಕಾಲಿನ ಬಾವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮಾತ್ರೆಗಳನ್ನು ಎಣಿಸಿ, ನನ್ನನ್ನು ಹಿತ್ತಲಿಗೆ ಕರೆದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

"ಆಂಟಿ, ಇದನ್ನು ಅಪ್ಪನ ತಲೆಗೆ ತುಂಬಿದ್ದು ನೀವಾ?"

"ನಾನ್ಯಾಕೆ ತುಂಬಲಿ? ಅದು ನಿಮ್ಮ ಮನೆ ಪದ್ಧತಿ."

"ನಮ್ಮ ಮನೆ ಪದ್ಧತಿ ನನಗೆ ಗೊತ್ತು. ಸತ್ತ ಅಪ್ಪನನ್ನು ಕೂರಿಸಬೇಕಾದವಳು ನಾನು. ಅವರ ಮೊಣಕಾಲು ಮಡಿಸಬೇಕಾದವಳು ನಾನು. ನೀವಲ್ಲ, ಕೌನ್ಸಿಲ್ ಅಲ್ಲ." ಒಳಗೆ ಹೋಗಲು ತಿರುಗಿ, "ಕೌನ್ಸಿಲ್‌ನವರು ಬೇಡ ಅಂದರೆ ನನಗೇನೂ ಬೇಸರವಿಲ್ಲ" ಎಂದಳು.

ಆ ವಾರವೇ ಕ್ಲರ್ಕ್ ಮನೆಯ ಮುಂದೆ ಬೂದುಬಣ್ಣದ ಕಾರೊಂದು ನಿಂತದ್ದನ್ನು ಕಂಡೆ. ಮಗಳ ಕಾರು ಅದೇ ಬಣ್ಣದ್ದು. ಈ ಜಿಲ್ಲೆಯ ಅರ್ಧ ಕಾರುಗಳು ಅದೇ ಬಣ್ಣದವು. ನಂಬರ್ ನೋಡಲು ನಿಧಾನಿಸಿದೆ, ಹಿಂದಿದ್ದವನು ಹಾರ್ನ್ ಹೊಡೆದ, ನೋಡದೆ ಹೋದೆ. ನಂಬರ್ ನೋಡಿದೆ, ಅವಳದೇ ಆಗಿತ್ತು ಎಂದು ಒಮ್ಮೊಮ್ಮೆ ನೆನಪಾಗುತ್ತದೆ. ಅದು ಆಮೇಲೆ ಬೆಳೆದದ್ದು. ಅದನ್ನು ಇಲ್ಲಿ ಹೊಡೆದುಹಾಕುತ್ತೇನೆ.

ಪರೀಕ್ಷೆಯ ಗುಂಡಿಯನ್ನು ರೈತನೇ ತನ್ನ ಯಂತ್ರ ತಂದು ತೋಡಿದ. ಹಣ ಬೇಡ ಎಂದನಂತೆ. ಅದೇ ನನಗೆ ಸರಿಬರಲಿಲ್ಲ. ಬೆಳಿಗ್ಗೆ ಕಾಕಾ ಅವರನ್ನು ಕರೆದುಕೊಂಡು ನೋಡಲು ಹೋದೆ. ಅವರು ಎರಡು ಬಾರಿ ನಿಂತರು, ಒಮ್ಮೆ ಯಾರದೋ ಕಲ್ಲಿಗೆ ಒರಗಿ, "ಸಾರಿ ಮಾ" ಎಂದು ಆ ಕಲ್ಲಿಗೆ ಹೇಳಿದರು, "ಈಕಿಗೆ ಶುಗರ್ ಇತ್ತು, ಮಾತ ಕೇಳ್ತಿರಲಿಲ್ಲ" ಎಂದು ನನಗೆ ಹೇಳಿದರು. ಗುಂಡಿಯ ಸುತ್ತ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ ಕಟ್ಟಿತ್ತು. ಒಳಗೆ, ಮೊಣಕಾಲಿನ ಮಟ್ಟಕ್ಕೆ, ಚಹಾದ ಬಣ್ಣದ ನೀರು.

"ಕೂತ್ರ ಸೊಂಟದ ತನಕ ಬರ್ತೈತಿ," ಎಂದರು ಕಾಕಾ, ಅಳತೆ ತೆಗೆದುಕೊಂಡವರಂತೆ. "ಸತ್ತ ಮ್ಯಾಲೂ ನ್ಯುಮೋನಿಯಾ ಆಗೂದು ಅಂದ್ರ ಇದ ನೋಡು."

"ಇಲ್ಲಿ ನಿಂತಿರಿ, ಬಂದೆ," ಎಂದು ನಾನು ತೊರೆಯ ದಂಡೆಗೆ ಇಳಿದೆ. ಆಚೆ ರೈತನ ಹೊಲದಿಂದ ಒಂದು ಕಾಲುವೆ ಬಂದು ತೊರೆಗೆ ಸೇರುತ್ತದೆ. ಅದು ಸೇರುವಲ್ಲಿ ತೊರೆಗೆ ಅಡ್ಡವಾಗಿ ಹಲಗೆಯೊಂದು ಇದೆ. ಹಲಗೆಯನ್ನು ಇಳಿಸಿದರೆ ನೀರು ಹಿಂದೆ ಸರಿದು ನಮ್ಮ ಕಡೆಯ ಮಣ್ಣಿಗೆ ಇಂಗುವುದು ಸಾಧ್ಯ. ಹಲಗೆ ಇಳಿದಿತ್ತು. ಅರ್ಧ ಇಳಿದಿತ್ತು. ಅದು ಯಾವಾಗಲೂ ಹಾಗೇ ಇರುತ್ತದೋ, ಈ ಗುಂಡಿಗಾಗಿ ಇಳಿಸಿದ್ದೋ ಹೇಳಲು ನಾನು ಅದನ್ನು ಮೊದಲೊಮ್ಮೆ ನೋಡಿರಬೇಕಿತ್ತು. ಈ ಹಳ್ಳಿಯಲ್ಲಿ ಇಷ್ಟು ಕಾಲ ಇದ್ದೂ, ದಿನಾ ಆ ದಾರಿಯಲ್ಲಿ ನಡೆದೂ, ನಾನು ಆ ಹಲಗೆಯನ್ನು ಆವತ್ತೇ ಮೊದಲು ಕಂಡದ್ದು.

ಬಂದು ಕಾಕಾ ಅವರಿಗೆ ಹೇಳಿದೆ. ಅವರು ತುಂಬ ಹೊತ್ತು ನಕ್ಕರು, ಕೆಮ್ಮು ಬರುವ ತನಕ.

"ತೊರಿ ಬಾಜೂಕ ತೆಗ್ಗ ತೋಡಿದ್ರ ನೀರ ಬರ್ತೈತಿ. ಮತ್ತೇನ್ ಎಣ್ಣಿ ಬರ್ತೈತೇನು?"

"ಅವನೇ ತೋಡಿದ್ದಾನೆ, ಅವನ ಹೊಲದ್ದೇ ಕಾಲುವೆ."

"ಅಂವನ ಹೆರಿಗಿ ನಾನ ಮಾಡಿಸೇನಿ. ಅಂದ್ರ, ಅಂವನ ಹೆಂಡ್ತೀದು. ಹಿಮದಾಗ ಆಂಬುಲೆನ್ಸ್ ಸಿಕ್ಕೊಂಡಿತ್ತು." ಬಲೆಯನ್ನು ಹಿಡಿದು ನೀರನ್ನೇ ನೋಡಿದರು. ನಗು ಹೋಗಿತ್ತು. "ಅಂವ ಮಾಡಿರಂಗಿಲ್ಲ. ಮಾಡಿದ್ರ... ಮಾಡಿದ್ರ ನನಗ ತಿಳಿಯೂದು ಬ್ಯಾಡ."

ಅವರಿಗೆ ಹೆದರಿಕೆಯಾದದ್ದನ್ನು ನಾನು ಕಂಡದ್ದು ಆಗ ಮಾತ್ರ. ಸಾವಿನ ಹೆದರಿಕೆಯಲ್ಲ. ಇಷ್ಟು ವರ್ಷ ಇವರ ಬಾಗಿಲುಗಳನ್ನು ತಟ್ಟಿ ಒಳಗೆ ಹೋಗಿ, ಇವರ ಎದೆಯ ಸದ್ದು ಕೇಳಿ, ಕೊನೆಗೆ ಇವರ ನಡುವೆ ಕೂರಲು ಒಂದು ಗುಂಡಿ ಕೇಳಿದಾಗ ಇವರು ಏನೆಂದುಕೊಂಡರು ಎಂಬುದು ತಿಳಿದುಬಿಟ್ಟೀತು ಎಂಬ ಹೆದರಿಕೆ. ಹೀಗೆ ಬರೆದೆ. ಅವರು ಹೀಗೆ ಹೇಳಿರಲಿಲ್ಲ. ಬಲೆಯನ್ನು ಹಿಡಿದ ಬೆರಳುಗಳನ್ನು ನೋಡಿ ನಾನು ಹೆಣೆದದ್ದು. ಚಳಿಗೂ ಹಾಗೆ ಹಿಡಿದಿರಬಹುದು.

ಮುಂದಿನ ಸಭೆಗೆ ಕಾಕಾ ಅವರಿಗೆ ಬರಲಾಗಲಿಲ್ಲ. ಮೆಟ್ಟಿಲು ಹತ್ತುವುದು ಬಿಟ್ಟು, ಕೆಳಗಿನ ಕೋಣೆಯಲ್ಲಿ ಮಂಚ ಹಾಕಿಸಿಕೊಂಡಿದ್ದರು. "ಏನಾತು ಅಂತ ಬಂದ ಹೇಳು. ಎಚ್ಚರಿರ್ತೀನಿ" ಎಂದಿದ್ದರು. ಸಭೆಯ ಹೊತ್ತಿಗೆ ಬೆಳಕು ಇನ್ನೂ ಇತ್ತು, ಹಾಲ್‌ನ ಕಿಟಕಿಗಳನ್ನು ತೆರೆದಿದ್ದರು. ಸ್ಮಶಾನದ ವಿಷಯ ಬಂದ ಕೂಡಲೇ ಅಧ್ಯಕ್ಷೆ ನನ್ನ ಕಡೆ ತಿರುಗಿದರು.

"ನೀವು ಡಾಕ್ಟರರ ಮನೆಯವರ ಹಾಗೆ. ಇದನ್ನು ಮಾತಾಡುವಾಗ ನೀವು ಹೊರಗಿದ್ದರೆ ಒಳ್ಳೆಯದು."

"ಇಲ್ಲಿ ಇರುವ ಎಲ್ಲರೂ ಅವರ ಪೇಷಂಟುಗಳು," ಎಂದೆ.

"ಅದು ಬೇರೆ," ಎಂದ ರೈತ.

"ಹೇಗೆ ಬೇರೆ?"

"ನಾವು ಅವರನ್ನು ಸಭೆಗೆ ಕರೆದುಕೊಂಡು ಬಂದಿಲ್ಲ."

ಕ್ಲರ್ಕ್ ಕೆಳಗೆ ನೋಡಿದರು. ನಾನು ಎದ್ದೆ. ಹಾಲ್‌ಗೆ ಅಂಟಿಕೊಂಡೇ ಅಡುಗೆಮನೆ ಇದೆ, ನಡುವೆ ಚಹಾ ದಾಟಿಸಲು ಮರದ ಕಿಟಕಿ. ನಾನು ಒಳಗೆ ಹೋಗುತ್ತಿದ್ದಂತೆ ಅಧ್ಯಕ್ಷೆ ಆ ಕಿಟಕಿಯನ್ನು ಎಳೆದು ಮುಚ್ಚಿದರು. ಮುಚ್ಚುವ ಮೊದಲು, "ಹೇಗೂ ಅಲ್ಲಿದ್ದೀರಲ್ಲ, ನೀರು ಕಾಯಿಸಲು ಇಟ್ಟುಬಿಡಿ, ಡಕ್" ಎಂದರು. ನಾನು ಇಟ್ಟೆ. ಅಲ್ಲಿ ನೀರು ಕಾಯಿಸುವುದು ದೊಡ್ಡ ಉಕ್ಕಿನ ಹಂಡೆಯಂಥದು, ಕರೆಂಟಿನದು, ಕಾಯುತ್ತಾ ಬಂದ ಹಾಗೆ ಲಾರಿಯ ಹಾಗೆ ಗುಡುಗುತ್ತದೆ. ಮೊದಲು ಕುರ್ಚಿ ಸರಿದ ಸದ್ದು ಕೇಳಿತು, ಯಾರೋ ಕೆಮ್ಮಿದರು. ಅದರ ನಂತರ ಒಂದು ಗಂಡು ದನಿ, ತಗ್ಗಿದ ದನಿ. ಆಮೇಲೆ ಹಂಡೆಯ ಸದ್ದಿನಲ್ಲಿ ಎಲ್ಲವೂ ಮುಳುಗಿತು. ನನ್ನ ಕೈಯಿಂದಲೇ ನನ್ನ ಕಿವಿ ಮುಚ್ಚಿಸಿದರು ಎಂದು ಆಗ ಅನಿಸಿತು. ಸ್ವಿಚ್ ಆರಿಸಬಹುದಿತ್ತು. ಆರಿಸಿದ್ದರೆ ಒಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು, ನಾನು ಕದ್ದು ಕೇಳುತ್ತಿದ್ದೇನೆ ಎಂದು. ಕಪ್ಪುಗಳನ್ನು ಸಾಲಾಗಿ ಜೋಡಿಸಿದೆ, ಮತ್ತೆ ತೆಗೆದು ಜೋಡಿಸಿದೆ.

ಮರದ ಕಿಟಕಿ ತೆರೆಯಿತು. ಅಧ್ಯಕ್ಷೆಯ ಮುಖದಲ್ಲಿ ಏನೂ ಇರಲಿಲ್ಲ.

"ಆಯಿತು. ಮೇಲಿನ ಸಾಲು, ಮುಳ್ಳುಮರದ ಕೆಳಗೆ. ಕೂರಿಸಿಯೇ. ಗುಂಡಿಯ ಅಳತೆಯನ್ನು ಡಾಕ್ಟರರ ಮಗಳು ಹೇಳಲಿ."

ನನ್ನ ಬಾಯಿಂದ ಹೊರಟದ್ದು ಕೃತಜ್ಞತೆಯ ಮಾತಾಗಿರಲಿಲ್ಲ.

"ಮೇಲಿನ ಸಾಲು ತುಂಬಿದೆ ಅಂದಿದ್ದಿರಿ."

"ಈಗ ಒಂದು ಜಾಗ ಇದೆ."

"ಯಾರದು?"

"ಬಾಗಿಲು ಮುಚ್ಚಿ ಆಡಿದ ಮಾತು ಅದು, ಡಕ್. ಚಹಾ ಆಯಿತಾ?"

ಚಹಾ ಕೊಟ್ಟೆ. ರೈತ ಸಕ್ಕರೆ ಬೇಡ ಎಂದ. ಆಮೇಲೆ ಸಭೆ ಮುಂದುವರಿದು ಕಾಲುದಾರಿಯ ಮುಳ್ಳುಬೇಲಿಗೆ ಹೋಯಿತು, ಅದನ್ನು ಹಕ್ಕಿಗಳು ಗೂಡು ಕಟ್ಟುವ ಮೊದಲು ಕತ್ತರಿಸಬೇಕೇ, ಆಮೇಲೆ ಕತ್ತರಿಸಬೇಕೇ ಎಂದು ಎಲ್ಲರೂ ಮಾತಾಡಿದರು, ನಾನೂ ಮಾತಾಡಿದೆ.

ಕಾಕಾ ಎಚ್ಚರವಾಗಿದ್ದರು. ಹೇಳಿದ ಕೂಡಲೇ ಕಣ್ಣು ಮುಚ್ಚಿದರು, ಬೆರಳುಗಳು ಕರಡಿಗೆಯ ಮೇಲಿದ್ದವು. ನಂತರ ಕಣ್ಣು ತೆರೆಯದೆಯೇ ಕೇಳಿದರು: "ಯಾರ ಜಾಗ?"

"ಹೇಳಲಿಲ್ಲ."

"ಅಂದ್ರ ಯಾರೋ ತಮ್ಮದ ಬಿಟ್ಟಾರ. ಇಲ್ಲಾಂದ್ರ ಮದಲಿಂದ ಖಾಲಿ ಇತ್ತು."

ನಾನು ಇಡೀ ದಾರಿ ಯೋಚಿಸುತ್ತ ಬಂದದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

"ನಿಮಗೆ ಯಾವುದು ಅನಿಸುತ್ತೆ ಕಾಕಾ?"

"ನನಗ ಸಂತೋಷ ಅನಸ್ತೈತಿ," ಎಂದರು. "ಉಳಿದದ್ದ ನೀ ತಗೋ. ನಿನಗ ಅದ ಛಲೋ ಹೊಂದತೈತಿ."

ಬೇಸಿಗೆಯ ಮೊದಲ ದಿನಗಳಲ್ಲಿ ಅವರು ಹೋದರು. ಮಗಳು ಅಪ್ಪನ ಮೊಣಕಾಲು ಮಡಿಸಿದಳು. ಒಳಗೆ ಯಾರನ್ನೂ ಬಿಡಲಿಲ್ಲ, ಹೊರಗೆ ಬಂದಾಗ ತೋಳಿನಿಂದ ಹಣೆ ಒರೆಸಿಕೊಂಡು, ಸಾಧ್ಯವಾಯಿತು ಎಂಬಂತೆ ತಲೆಯಾಡಿಸಿದಳು. ಬರ್ಮಿಂಗ್‌ಹ್ಯಾಮ್‌ನಿಂದ ಜಂಗಮರೊಬ್ಬರು ಬಂದರು, ವಾರವಿಡೀ ಔಷಧಿ ಅಂಗಡಿಯಲ್ಲಿ ನಿಲ್ಲುವವರು, ಅಂಗಡಿಯ ಕೋಟಿನ ಮೇಲೆಯೇ ಕಾವಿ ಶಾಲು ಹೊದ್ದಿದ್ದರು. ಲೆಸ್ಟರ್‌ನಿಂದ ತಂದ ಒಣಗಿದ ಬಿಲ್ವಪತ್ರೆ, ವಿಭೂತಿಯ ಉಂಡೆಗಳು. ಚೌಕದ ಗುಂಡಿಯನ್ನು ರೈತನ ಯಂತ್ರವೇ ತೋಡಿತ್ತು, ಗೂಡನ್ನು ಅವನು ಒಳಗಿಳಿದು ಸಲಿಕೆಯಿಂದ ಕೊರೆದಿದ್ದ. ನೆಲ ಒಣಗಿತ್ತು. ಹಳ್ಳಿಯವರು ತುಂಬ ಜನ ಬಂದಿದ್ದರು, ಕಪ್ಪು ಬಟ್ಟೆಯಲ್ಲಿ, ಏನು ಮಾಡಬೇಕೆಂದು ತಿಳಿಯದೆ. ಜಂಗಮರು ಕೈಸನ್ನೆ ಮಾಡಿದಾಗ ಒಬ್ಬೊಬ್ಬರಾಗಿ ಬಂದು ವಿಭೂತಿ ಹಾಕಿದರು. ಕ್ಲರ್ಕ್ ಬೆರಳಿಗೆ ಅಂಟಿದ್ದನ್ನು ಒರೆಸಿಕೊಳ್ಳದೆ ಹಾಗೇ ಹೋದರು.

ಮಣ್ಣು ಮುಚ್ಚಿದ ಮೇಲೆ ಮಗಳು ನನ್ನ ಪಕ್ಕ ಬಂದು ನಿಂತಳು.

"ಆಂಟಿ, ಈ ಜಾಗ ಯಾರದಾಗಿತ್ತು?"

"ನಿನಗೆ ಗೊತ್ತಿರಬಹುದು ಅಂದುಕೊಂಡು ನಾನೇ ಕೇಳೋಣ ಅಂತಿದ್ದೆ."

"ನನಗೆ ಹೇಗೆ ಗೊತ್ತಿರುತ್ತೆ?" ಎಂದು ನನ್ನನ್ನು ವಿಚಿತ್ರವಾಗಿ ನೋಡಿದಳು. ಕಾರಿನ ಬಣ್ಣದ ಮಾತನ್ನು ನುಂಗಿಕೊಂಡೆ.

ನಮ್ಮ ಸ್ಮಶಾನದಲ್ಲಿ ಬದುಕಿರುವವರು ಕಾದಿರಿಸಿದ ಜಾಗಕ್ಕೆ ಒಂದು ಗಿಡ್ಡ ಮರದ ಗೂಟ ಹೊಡೆದಿರುತ್ತಾರೆ. ಮುಳ್ಳುಮರದ ಕೆಳಗೆ ಗೂಟ ಇತ್ತೇ ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಕೆಲವು ದಿನ ಗೂಟ ಕಾಣುತ್ತದೆ, ಅದರ ಮೇಲೆ ಪಾಚಿಯೂ ಕಾಣುತ್ತದೆ. ಕೆಲವು ದಿನ ಬರೀ ಹುಲ್ಲು. ನನ್ನ ಫೋನಿನಲ್ಲಿ ಆ ಸಾಲಿನ ಒಂದು ಚಿತ್ರ ಸಿಕ್ಕಿತು, ಯಾವುದೋ ಮಂಜಿನ ಬೆಳಿಗ್ಗೆ ತೆಗೆದದ್ದು. ಮುಳ್ಳುಮರ ಇದೆ, ಬೇಲಿ ಇದೆ, ಮರದ ಕೆಳಗೆ ಕಾಕಾ ಉದ್ದನೆಯ ಕೋಟು ಹಾಕಿ ನಿಂತಿದ್ದಾರೆ. ಕೋಟು ನೆಲದವರೆಗೆ ಇದೆ. ಅದರ ಹಿಂದೆ ಏನಿದೆಯೋ ಕಾಣುವುದಿಲ್ಲ.

ನಾನು ಈಗಲೂ ಕೌನ್ಸಿಲ್‌ನಲ್ಲಿದ್ದೇನೆ. ಕ್ಲರ್ಕ್ ಅವರನ್ನು ಒಮ್ಮೆ ಕೇಳಿದೆ. "ಬಿಟ್ಟುಬಿಡಿ, ಡಕ್" ಎಂದರು, ಸಿಟ್ಟಿನಿಂದಲ್ಲ. ರೈತನನ್ನು ಕೇಳಿದೆ. ಅವನು ಯಂತ್ರದ ಚಕ್ರದಿಂದ ಮಣ್ಣು ಕೆರೆಯುತ್ತಿದ್ದ, ಕೆರೆಯುತ್ತಲೇ ಇದ್ದ, "ನಿಮಗೆ ಯಾಕೆ ಗೊತ್ತಾಗಬೇಕು?" ಎಂದ. ಯಾರಾದರೂ ಬಿಟ್ಟುಕೊಟ್ಟಿದ್ದರೆ ಅವರಿಗೆ ನಾನು ಋಣಿ, ಆದರೆ ಯಾರಿಗೆ ಎಂದು ತಿಳಿಯದ ಋಣ ನನ್ನನ್ನು ಎಲ್ಲರ ಎದುರೂ ತಲೆ ಬಗ್ಗಿಸುವಂತೆ ಮಾಡುತ್ತದೆ. ಖಾಲಿ ಜಾಗವನ್ನೇ ತುಂಬಿದೆ ಎಂದಿದ್ದರೆ, ನಾನು ಎಲ್ಲರನ್ನೂ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬೇಕು. ಸಭೆಯಲ್ಲಿ ಮಾಡುವುದು ಎರಡನ್ನೂ. ಅದನ್ನು ಅವರು ಬೇರೇನೋ ಅಂದುಕೊಂಡಿರುತ್ತಾರೆ.

ಆವತ್ತು ಆ ಕೋಣೆಯಲ್ಲಿ ಯಾರಾದರೂ ತಮ್ಮ ಜಾಗವನ್ನು ಕಾಕಾ ಅವರಿಗೆ ಬಿಟ್ಟುಕೊಟ್ಟರೋ, ಅಥವಾ ಆ ಸಾಲು ಯಾವತ್ತೂ ತುಂಬಿರಲೇ ಇಲ್ಲವೋ, ನನಗೆ ಗೊತ್ತಿಲ್ಲ.